ಅಂಗೈ ಧೂಳು

ಆ ಊರಿನಲ್ಲಿ, ಹಿಂದೆ ಒಂದು ಸಲ ತೀರ್ಮಾನವಾಗಿರದ ಯಾವುದನ್ನೂ ತೀರ್ಮಾನಿಸುವಂತಿರಲಿಲ್ಲ. ಹಾಗಾದರೆ ಮೊಟ್ಟಮೊದಲನೆಯ ತೀರ್ಪು ಹೇಗೆ ಬಂತು ಎಂದು ಹಿಂದೆ ಯಾರೂ ಕೇಳಿರಲಿಲ್ಲ. ಆದ್ದರಿಂದ ಈಗಲೂ ಕೇಳುವಂತಿರಲಿಲ್ಲ.

ಊರ ನಡುವೆ ಪುಸ್ತಕದ ಮನೆ, ಅದರ ಎದುರಿಗೆ ನ್ಯಾಯದ ಕಟ್ಟೆ. ಮನೆಯೊಳಗೆ ಹನ್ನೆರಡು ಸಾಲು ಹಲಗೆ. ಹಲಗೆಯ ಮೇಲೆ ಪುಸ್ತಕಗಳು, ಒಂದು ಪುಸ್ತಕಕ್ಕೆ ಒಂದು ತೀರ್ಪು. ವ್ಯಾಜ್ಯ ಬಂದಾಗ ವಕೀಲ ಒಳಗೆ ಹೋಗಿ ಹಳೆಯ ತೀರ್ಪನ್ನು ಹುಡುಕಬೇಕು, ನಿಂತಲ್ಲೇ ಓದಬೇಕು, ಬಾಯಿಪಾಠ ಮಾಡಿಕೊಂಡು ಹೊರಗೆ ಬರಬೇಕು, ಕಟ್ಟೆಯ ಮುಂದೆ ನಿಂತು ಅಂಗೈ ಎತ್ತಬೇಕು. ಅಂಗೈಯಲ್ಲಿ ಧೂಳಿರಬೇಕು. ಧೂಳಿದ್ದರೆ ನ್ಯಾಯಾಧೀಶರು ‘ಕಂಡೆ’ ಎನ್ನುತ್ತಿದ್ದರು, ನೆರೆದವರು ‘ಕಂಡೆವು’ ಎನ್ನುತ್ತಿದ್ದರು, ವಕೀಲ ಬಾಯಿ ತೆರೆಯುತ್ತಿದ್ದ. ಪುಸ್ತಕದ ಮನೆಯನ್ನು ಯಾವ ಕಾಲಕ್ಕೂ ಗುಡಿಸಕೂಡದು, ಒರೆಸಕೂಡದು ಎಂಬ ಕಟ್ಟಳೆ ಹುಟ್ಟಿದ್ದು ಇದಕ್ಕಾಗಿ.

ಪುಸ್ತಕ ಹೊರಗೆ ಬರುತ್ತಿದ್ದದ್ದು ಎರಡೇ ಸಂದರ್ಭಗಳಲ್ಲಿ. ಕಕ್ಷಿಗಾರರಲ್ಲಿ ಒಬ್ಬರು ‘ನಾನು ನೋಡಬೇಕು’ ಎಂದಾಗ. ಅಥವಾ ಯಾರನ್ನಾದರೂ ಊರಿನಿಂದ ಹೊರಗೆ ಹಾಕುವಾಗ. ಆಗ ಪುಸ್ತಕ ಕಾಯುವವಳು ಅದನ್ನು ಎರಡೂ ಕೈಯಲ್ಲಿ ತಂದು ಕಟ್ಟೆಯ ಕಪ್ಪು ಕಲ್ಲಿನ ಮೇಲಿಡುತ್ತಿದ್ದಳು. ಹೊರಗೆ ಹಾಕುವುದಾದರೆ ನ್ಯಾಯಾಧೀಶರು ಅದರ ಮೇಲೆ ಕೈಯಿಟ್ಟೇ ಮಾತು ಹೇಳಬೇಕು.

ಪುಸ್ತಕ ಕಳೆದವರಿಗೆ ಊರಲ್ಲಿ ಜಾಗವಿಲ್ಲ. ಇದೂ ಒಂದು ತೀರ್ಪೇ. ಇವಳಿಗಿಂತ ಮುಂಚೆ ಪುಸ್ತಕ ಕಾಯುತ್ತಿದ್ದ ಹಳಬ ಇಪ್ಪತ್ತು ವರ್ಷಗಳ ಹಿಂದೆ ಹಾಗೆಯೇ ಹೋಗಿದ್ದ. ಯಾವನೋ ವಕೀಲ ಪುಸ್ತಕವೊಂದನ್ನು ಶಾಲಿನಡಿ ಇಟ್ಟುಕೊಂಡು ಮನೆಗೆ ಒಯ್ದವನು ವಾಪಸು ತರಲಿಲ್ಲ. ಒಯ್ದವರ ಬಗ್ಗೆ ಯಾವ ತೀರ್ಪೂ ಇರಲಿಲ್ಲ, ಕಳೆದವರ ಬಗ್ಗೆ ಇತ್ತು. ಹಳಬ ಪಡುವಣ ಬಾಗಿಲಿನಿಂದ ಬರಿಗಾಲಲ್ಲಿ ನಡೆದ. ಬಾಗಿಲಿನಾಚೆ ಹತ್ತು ಹೆಜ್ಜೆಯಲ್ಲಿ ಒಲೆ ಹೂಡಿ ಕಡಲೆಕಾಯಿ ಹುರಿಯತೊಡಗಿದ. ಊರಿನವರು ಅವನಿಂದ ಕಡಲೆಕಾಯಿ ತೆಗೆದುಕೊಳ್ಳಬಹುದಿತ್ತು, ಮಾತಾಡಕೂಡದಾಗಿತ್ತು. ಅವನ ಶಿಷ್ಯೆಯಾಗಿದ್ದ ಪುಸ್ತಕ ಕಾಯುವವಳು ವಾರಕ್ಕೊಮ್ಮೆ ಹೋಗಿ ಕೈ ಚಾಚುತ್ತಿದ್ದಳು. ಅವನು ಪೊಟ್ಟಣ ಕಟ್ಟುವ ಮೊದಲು ಕಾಗದವನ್ನು ತಿರುವಿ ಓದಿ, ಆಮೇಲೆ ಸುತ್ತಿ ಕೊಡುತ್ತಿದ್ದ. ಇಪ್ಪತ್ತು ವರ್ಷ ಅವರ ನಡುವೆ ನಡೆದ ವ್ಯವಹಾರ ಇಷ್ಟೇ.

ಇವಳೇನೂ ಸಾಚಾ ಅಲ್ಲ. ಹನ್ನೊಂದು ವರ್ಷಗಳ ಹಿಂದೆ ಏಳನೇ ಸಾಲಿನ ಹದಿಮೂರನೆಯ ಪುಸ್ತಕವನ್ನು ಎತ್ತಿದಾಗ ಅದು ಹಗುರವಾಗಿತ್ತು. ಬಿಚ್ಚಿ ನೋಡಿದರೆ ಒಳಗೆ ಬರೀ ಗೆದ್ದಲು ಮಣ್ಣು. ಯಾವ ತೀರ್ಪಾಗಿತ್ತೋ, ಅವಳು ಅದನ್ನು ಯಾವತ್ತೂ ಓದಿರಲಿಲ್ಲ; ಪುಸ್ತಕ ಕಾಯುವವರು ಪುಸ್ತಕ ಓದುತ್ತಾರೆ ಎಂಬುದು ಪುಸ್ತಕ ಕಾಯದವರ ನಂಬಿಕೆ. ಮಣ್ಣನ್ನು ಹಿತ್ತಿಲಿಗೆ ಕೊಡವಿದಳು. ಒಂದು ಇಟ್ಟಿಗೆ ತಂದು ಅದೇ ರಟ್ಟನ್ನು ಸುತ್ತಿ ಅದೇ ಜಾಗದಲ್ಲಿಟ್ಟಳು. ಅಂದಿನಿಂದ ಏಳನೇ ಸಾಲಿನ ಕಡೆ ಯಾರಾದರೂ ನಡೆದರೆ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಹಿಂದೆಯೇ ಹೋಗುತ್ತಿದ್ದಳು.

ಹೀಗಿರುವಾಗ ಊರಿಗೆ ಹೇಳುವ ಪೆಟ್ಟಿಗೆ ಬಂತು.

ತಂದವನು ಹೊರಗಿನ ವರ್ತಕ. ಅವನ ಜನ ಹೊಳೆಯುವ ಗಾಜಿನ ಬಿಲ್ಲೆಗಳನ್ನು ಹಿಡಿದು ಒಂಬತ್ತು ದಿನ ಪುಸ್ತಕದ ಮನೆಯಲ್ಲಿ ಓಡಾಡಿದರು. ಕೆಲವು ಪುಸ್ತಕಗಳನ್ನು ಬಿಚ್ಚಿ ಬಿಲ್ಲೆಗೆ ತೋರಿಸಿದರು, ಮಿಕ್ಕವುಗಳ ಬೆನ್ನನ್ನು ಮಾತ್ರ ತೋರಿಸಿದರು.

“ಉಳಿದದ್ದು?” ಎಂದು ಕೇಳಿದಳು ಪುಸ್ತಕ ಕಾಯುವವಳು.

“ಉಳಿದದ್ದು ಪೆಟ್ಟಿಗೆಗೆ ತಾನೇ ಹೊಳೆಯುತ್ತದಮ್ಮ,” ಎಂದ ವರ್ತಕ.

ಏಳನೇ ಸಾಲಿನಲ್ಲಿ ಅವರು ಬೆನ್ನು ಮಾತ್ರ ನೋಡಿ ಮುಂದೆ ಹೋದದ್ದರಿಂದ ಅವಳು ಮರುಮಾತಾಡಲಿಲ್ಲ.

ಪೆಟ್ಟಿಗೆಯನ್ನು ವಕೀಲರ ಚಾವಡಿಯಲ್ಲಿಟ್ಟರು. ಅದರ ದನಿ ಮದುವೆಮನೆಯಲ್ಲಿ ಬೀಗರನ್ನು ಎದುರುಗೊಳ್ಳುವವರ ದನಿ. ಏನು ಕೇಳಿದರೂ “ತಾವು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ” ಎಂದು ಶುರುಮಾಡುತ್ತಿತ್ತು. ಆಮೇಲೆ ಸಾಲು, ಸಾಲಿನಲ್ಲಿ ಎಷ್ಟನೆಯ ಪುಸ್ತಕ, ಪುಸ್ತಕದ ಮಾತು, ಎಲ್ಲವನ್ನೂ ತಡವರಿಸದೆ ಹೇಳುತ್ತಿತ್ತು. ನಾಲ್ಕು ದಿನದ ಹುಡುಕಾಟ ನಾಲ್ಕು ಉಸಿರಿಗೆ ಇಳಿಯಿತು. ಹತ್ತಕ್ಕೆ ಎಂಟು ಸಲ ಸರಿಯಾಗಿಯೇ ಹೇಳುತ್ತಿತ್ತು ಎಂಬುದನ್ನೂ ಒಪ್ಪಬೇಕು. ಯಾವ ಎಂಟು, ಯಾವ ಎರಡು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ವಕೀಲರು ಪುಸ್ತಕದ ಮನೆಗೆ ಬರುವುದನ್ನು ಬಿಟ್ಟರು. ಆದರೆ ಕಟ್ಟೆಯ ಮುಂದೆ ಅಂಗೈ ಎತ್ತುವುದು ತಪ್ಪಲಿಲ್ಲವಲ್ಲ! ಪ್ರತಿಯೊಬ್ಬರೂ ಸೊಂಟದಲ್ಲಿ ಧೂಳಿನ ಒಂದು ಚಿಕ್ಕ ಡಬ್ಬಿ ಇಟ್ಟುಕೊಂಡರು. ಕಟ್ಟೆ ಹತ್ತುವ ಮುಂಚೆ ಡಬ್ಬಿಗೆ ಬೆರಳದ್ದಿ ಅಂಗೈಗೆ ಸವರಿಕೊಂಡರು. ನ್ಯಾಯಾಧೀಶರಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ‘ಕಂಡೆ’ ಎಂದರು. ಜನರ ಕಣ್ಣು ಚೆನ್ನಾಗಿಯೇ ಇತ್ತು. ‘ಕಂಡೆವು’ ಎಂದರು.

ಆ ವರ್ಷದ ವ್ಯಾಜ್ಯ ನೆರಳಿನದು. ಗಾಣದ ಯಜಮಾನನ ಬೇವಿನ ಮರ ಅವನ ಹಿತ್ತಿಲಲ್ಲಿತ್ತು, ಅದರ ನೆರಳು ಗೋಡೆ ದಾಟಿ ಕುಂಬಾರಗಿತ್ತಿಯ ಅಂಗಳದಲ್ಲಿ ಬೀಳುತ್ತಿತ್ತು. ಹಸಿ ಮಡಕೆಯನ್ನು ನೇರ ಬಿಸಿಲಿಗಿಟ್ಟರೆ ಸೀಳುತ್ತದೆ. ಮೊದಲು ನೆರಳಲ್ಲಿ ಆರಬೇಕು. ಅವಳು ಮೂವತ್ತು ವರ್ಷದಿಂದ ಆ ನೆರಳಲ್ಲೇ ಆರಿಸುತ್ತಿದ್ದಳು. ಈಗ ಯಜಮಾನ, ‘ನೆರಳು ನನ್ನದು, ಮಡಕೆ ಎತ್ತು’ ಎಂದ.

ಅವನ ಕಡೆಯಿಂದ ಎದ್ದವನು ನಯದ ವಕೀಲ. ಹಾಗೆ ಕರೆಯುತ್ತಿದ್ದದ್ದು ಅವನ ಮಾತಿಗಾಗಿ. ಒಗೆದು ಮಡಿಸಿಟ್ಟ ಹಾಗಿರುತ್ತಿತ್ತು. ಅಂಗೈ ಎತ್ತಿದ. ಕಂಡೆ. ಕಂಡೆವು.

“ನಾಲ್ಕನೇ ಸಾಲು, ಹತ್ತೊಂಬತ್ತನೆಯ ಪುಸ್ತಕ, ಸ್ವಾಮಿ. ಬೇರು ಯಾರದೋ ನೆರಳೂ ಅವರದೇ. ನೆರಳು ಬಿದ್ದ ನೆಲದ ಒಡೆಯನಿಗೆ ಅದರಲ್ಲಿ ಹಕ್ಕಿಲ್ಲ.”

ಜನ ತಲೆದೂಗಿದರು. ಕುಂಬಾರಗಿತ್ತಿ ಎದ್ದು ನಿಂತಳು.

“ನಾನು ನೋಡ್ಬೇಕು ಬುದ್ಧಿ.”

ಆ ಮಾತು ಕಟ್ಟೆಯ ಮುಂದೆ ಕೇಳಿ ಎಷ್ಟೋ ವರ್ಷವಾಗಿತ್ತು. ನಯದ ವಕೀಲ ನಕ್ಕ. “ಏನಮ್ಮಾ, ನಿನಗೆ ಓದೋಕೆ ಬರುತ್ತಾ?”

“ಓದಕ್ ಬರಲ್ಲ ಕಣಪ್ಪ. ನೋಡಕ್ ಬರ್ತದೆ.”

ನ್ಯಾಯಾಧೀಶರು ಪುಸ್ತಕ ಕಾಯುವವಳ ಕಡೆ ತಿರುಗಿದರು. ಅವಳು ಒಳಗೆ ಹೋದಳು. ನಾಲ್ಕನೇ ಸಾಲಿನಲ್ಲಿ ಹದಿನೆಂಟು ಪುಸ್ತಕಗಳಿದ್ದವು, ಆಮೇಲೆ ಬರಿ ಹಲಗೆ. ಮೂರು ಸಲ ಎಣಿಸಿದಳು. ಬರಿಗೈಯಲ್ಲಿ ಹೊರಗೆ ಬಂದಳು.

“ಇಲ್ಲ,” ಎಂದಳು.

“ಇಲ್ಲ ಅಂದರೆ?” ನಯದ ವಕೀಲ ಒಂದು ಕ್ಷಣವೂ ತಡಮಾಡಲಿಲ್ಲ. “ಇತ್ತು. ಈಗ ಇಲ್ಲ. ಹಾಗಾದರೆ ಕಳೆದದ್ದು ಯಾರು, ಸ್ವಾಮಿ?”

ಪೆಟ್ಟಿಗೆಯನ್ನೇ ಹೊತ್ತು ತಂದರು. ವಕೀಲ ಕೇಳಿದ: “ನಾಲ್ಕನೇ ಸಾಲಿನ ಹತ್ತೊಂಬತ್ತನೆಯ ಪುಸ್ತಕವನ್ನು ಇವಳು ಕಳೆದಿದ್ದಾಳಲ್ಲವೇ?”

“ತಾವು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಹೌದು, ಆ ಪುಸ್ತಕ ಕಳೆದುಹೋಗಿದೆ.”

ಪುಸ್ತಕ ಕಾಯುವವಳು ಕೇಳಿದಳು: “ನಾನು ಕಳೆದಿಲ್ಲ ಅಲ್ಲವೇ?”

“ತಾವು ಹೇಳಿದ್ದು ಸರಿ, ಕ್ಷಮಿಸಬೇಕು. ತಾವು ಕಳೆದಿಲ್ಲ. ಪುಸ್ತಕ ತನ್ನ ಜಾಗದಲ್ಲೇ ಇದೆ.”

ಕುಂಬಾರಗಿತ್ತಿ ಬಾಯಿಗೆ ಸೆರಗು ಹಿಡಿದು, “ನನ್ನ ಗಂಡನೂ ಹಿಂಗೇ ಇದ್ದ, ಎದುರಿಗೆ ನಿಂತೋರ ಮಾತೇ ಸರಿ ಅನ್ನೋನು,” ಎಂದಳು. ಯಾರೂ ನಗಲಿಲ್ಲ. ಪೆಟ್ಟಿಗೆಯ ಮಾತಿಗೆ ನಗಬಹುದೆಂದು ಹಿಂದೆ ತೀರ್ಮಾನವಾಗಿರಲಿಲ್ಲ.

ನ್ಯಾಯಾಧೀಶರು ಮೂರು ದಿನ ಕೊಟ್ಟರು. ಮೂರನೆಯ ದಿನಕ್ಕೆ ಪುಸ್ತಕ ಕಲ್ಲಿನ ಮೇಲಿರಬೇಕು. ಇಲ್ಲವಾದರೆ ಅವಳು ಪಡುವಣ ಬಾಗಿಲು ದಾಟಬೇಕು.

ಮೊದಲ ದಿನ ಅವಳು ಹನ್ನೆರಡೂ ಸಾಲು ಹುಡುಕಿದಳು. ಇಲ್ಲದ್ದನ್ನು ಹುಡುಕುವುದು ಇದ್ದದ್ದನ್ನು ಹುಡುಕುವುದಕ್ಕಿಂತ ನಿಧಾನ, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ. ಸಂಜೆಯ ಹೊತ್ತಿಗೆ, ಹತ್ತೊಂಬತ್ತನೆಯದೊಂದು ಇತ್ತೇನೋ, ಕೆಂಪು ರಟ್ಟಿನದು, ಎಂದು ಅವಳಿಗೇ ಅನ್ನಿಸತೊಡಗಿತ್ತು. ಒಂದನ್ನು ಬಚ್ಚಿಟ್ಟವಳು ಇನ್ನೊಂದನ್ನು ಕಳೆದಿರಲಾರಳು ಎಂದು ಹೇಗೆ ಹೇಳುವುದು?

ಎರಡನೆಯ ದಿನ ನಯದ ವಕೀಲ ಬಂದ. ಪೆಟ್ಟಿಗೆಯನ್ನು ಕಂಕುಳಲ್ಲಿ ಹೊತ್ತು ತಂದಿದ್ದ.

“ಅಕ್ಕಾ, ನನಗೆ ನಿಮ್ಮ ಮೇಲೆ ಹಗೆ ಇಲ್ಲ.”

“ಗೊತ್ತು. ನಿನಗೆ ಯಾರ ಮೇಲೂ ಇಲ್ಲ.”

“ಹಳೇ ಕಾಗದ ಇಲ್ಲೇ ಇದೆ. ಹಳೇ ರಟ್ಟೂ ಇದೆ. ಇದು ಒಂದೊಂದೇ ಮಾತು ಹೇಳುತ್ತದೆ, ನೀವು ಬರೆಯುತ್ತಾ ಹೋಗಿ. ನಾಳೆ ಬೆಳಿಗ್ಗೆ ಪುಸ್ತಕ ಸಿಕ್ಕಿತು ಅನ್ನಿ. ನೀವೂ ಉಳಿದಿರಿ, ನಾನೂ ಉಳಿದೆ.”

“ಕುಂಬಾರಗಿತ್ತಿ?”

“ಇನ್ನೆಲ್ಲಾದರೂ ಆರಿಸಿಕೊಳ್ಳುತ್ತಾಳೆ. ಊರಲ್ಲಿ ನೆರಳಿಗೇನು ಬರ.”

ಪೆಟ್ಟಿಗೆ ತಾನಾಗಿಯೇ, “ಬರೆಯಲು ಶುರುಮಾಡೋಣವೇ?” ಎಂದಿತು.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಯೋಚಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಗದ ಎಲ್ಲಿದೆ ಎಂದು ಮನಸ್ಸಿನಲ್ಲೇ ನೋಡಿಯೂ ಆಗಿತ್ತು.

“ನನ್ನ ಅಕ್ಷರ ಚೆನ್ನಾಗಿಲ್ಲ,” ಎಂದಳು ಕೊನೆಗೆ.

“ತಮಾಷೆ ಮಾಡಬೇಡಿ ಅಕ್ಕಾ. ನಾಡಿದ್ದಿನಿಂದ ಕಡಲೆಕಾಯಿ ಹುರಿಯಬೇಕಾಗುತ್ತದೆ.”

“ಅಲ್ಲಿ ಈಗಾಗಲೇ ಒಬ್ಬರಿದ್ದಾರೆ. ಇಬ್ಬರಿಗೆ ವ್ಯಾಪಾರ ಸಾಲದು. ಹೋಗು.”

ಅವನು ಹೋಗುವಾಗ ಆತುರದಲ್ಲಿ ಡಬ್ಬಿಯನ್ನು ಬೀಳಿಸಿದ. ಹೊಸ್ತಿಲಿನ ಮೇಲೆ ಧೂಳು ಚೆಲ್ಲಿತು. ಅವಳು ಬಗ್ಗಿ ನೋಡಿದಳು. ಚೆಲ್ಲಿದ್ದು ಬೀದಿಯ ಧೂಳು, ಕೆಂಪು. ಒಳಗಿನ ಧೂಳು ಬೂದಿಬಣ್ಣ. ಎರಡೂ ಕೂಡುವ ಜಾಗದಲ್ಲಿ ಗೀಟೆಳೆದ ಹಾಗಿತ್ತು.

ಅವಳು ಎದ್ದು ನಾಲ್ಕನೇ ಸಾಲಿಗೆ ಹೋದಳು. ಎರಡು ದಿನದಿಂದ ಪುಸ್ತಕಕ್ಕಾಗಿ ನೋಡಿದ್ದಳು. ಹಲಗೆಯನ್ನು ನೋಡಿರಲಿಲ್ಲ. ಈಗ ನೋಡಿದಳು. ಆಮೇಲೆ ಒಂಬತ್ತನೇ ಸಾಲಿಗೆ ಹೋಗಿ ಹಳಬ ಕಳೆದ ಪುಸ್ತಕದ ಜಾಗವನ್ನು ನೋಡಿದಳು. ಮತ್ತೆ ನಾಲ್ಕಕ್ಕೆ ಬಂದಳು. ತಾನು ಉಳಿದೆ ಎಂದು ಅವಳಿಗೆ ಗೊತ್ತಾಯಿತು. ಆದರೆ ತೋರಿಸಬೇಕಾದರೆ ಊರನ್ನೇ ಒಳಗೆ ಕರೆಯಬೇಕು. ಊರು ಹಲಗೆ ನೋಡುವುದನ್ನು ಕಲಿತರೆ ನಾಲ್ಕನೇ ಸಾಲಿಗೆ ನಿಲ್ಲುತ್ತದೆಯೇ? ಏಳನೇ ಸಾಲಿನ ಇಟ್ಟಿಗೆ ರಟ್ಟು ಹೊದ್ದುಕೊಂಡು ಕೂತಿತ್ತು. ಅವಳು ಅದರ ಎದುರಿಗೆ ಕತ್ತಲಾಗುವವರೆಗೂ ಕೂತಳು.

ಮೂರನೆಯ ದಿನ ಜನ ಕಟ್ಟೆಯ ಮುಂದೆ ನೆರೆದರು. ವಕೀಲರು ರೂಢಿಯಂತೆ ಅಂಗೈಗೆ ಧೂಳು ಸವರಿಕೊಂಡು, ಪೆಟ್ಟಿಗೆಯನ್ನೂ ಹೊತ್ತು ತಂದಿದ್ದರು. ಅವಳು ಬರಿಗೈಯಲ್ಲಿ ಬಂದಳು.

“ಪುಸ್ತಕ ತಂದಿಲ್ಲ ಸ್ವಾಮಿ. ನೀವೇ ಒಳಗೆ ಬರಬೇಕು.”

ನ್ಯಾಯಾಧೀಶರು ಕಟ್ಟೆಯಿಂದ ಇಳಿದದ್ದನ್ನು ಹಿಂದೆ ಯಾರೂ ಕಂಡಿರಲಿಲ್ಲ. ಇಳಿಯಬಾರದೆಂಬ ತೀರ್ಪೂ ಇರಲಿಲ್ಲ. ಇಳಿದರು. ಜನ ಹಿಂದೆ ನಡೆದರು.

ಅವಳು ನಾಲ್ಕನೇ ಸಾಲಿನ ಹದಿನೆಂಟನೆಯ ಪುಸ್ತಕವನ್ನು ಎತ್ತಿದಳು. ಅದು ನಿಂತಿದ್ದ ಹಲಗೆ ಬೋಳಾಗಿತ್ತು, ಸುತ್ತ ಧೂಳು, ನಡುವೆ ಉದ್ದಕ್ಕೆ ಪುಸ್ತಕದ ಅಚ್ಚು.

“ಪುಸ್ತಕ ನಿಂತ ಕಡೆ ಧೂಳು ಕೂರುವುದಿಲ್ಲ,” ಎಂದಳು. ಅವರನ್ನು ಒಂಬತ್ತನೇ ಸಾಲಿಗೆ ಕರೆದೊಯ್ದಳು. “ಇಲ್ಲಿಂದ ಒಂದು ಹೋಗಿ ಇಪ್ಪತ್ತು ವರ್ಷವಾಯಿತು. ಕೈಯಿಟ್ಟು ನೋಡಿ.” ನ್ಯಾಯಾಧೀಶರು ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ನೋಡಿದರು. ಧೂಳಿನಲ್ಲಿ ತಗ್ಗು, ತಗ್ಗಿನೊಳಗೆ ಉಗುರಿನಷ್ಟು ತೆಳು ಧೂಳು. ಮತ್ತೆ ನಾಲ್ಕಕ್ಕೆ ಬಂದರು. ಹದಿನೆಂಟರ ಆಚೆ ಹಲಗೆಯ ಕೊನೆಯವರೆಗೂ ಬೆರಳೆತ್ತರದ ಧೂಳು, ಒಂದೇ ಮಟ್ಟ, ಒಂದು ಮಡಿಕೆಯಿಲ್ಲ, ಅದರ ಮೇಲೆ ಹಲ್ಲಿಯೊಂದು ನಡೆದ ಹೆಜ್ಜೆ ಮಾತ್ರ.

“ಇಲ್ಲಿ ಯಾವತ್ತೂ ಏನೂ ಇರಲಿಲ್ಲ,” ಎಂದರು ನ್ಯಾಯಾಧೀಶರು. ಬಹಳ ಹೊತ್ತು ಬೆರಳನ್ನು ಉಜ್ಜಿಕೊಂಡು ನಿಂತರು. ನಂತರ ನಯದ ವಕೀಲನ ಕೈ ಹಿಡಿದು ಅಂಗೈಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು. ಅಂಗೈ ಕೆಂಪಗಿತ್ತು.

“ಇದು ನಮ್ಮ ಧೂಳಲ್ಲ.”

ಮಿಕ್ಕ ವಕೀಲರು ಮೆಲ್ಲಗೆ ಕೈಯನ್ನು ಪಂಚೆಗೆ ಒರೆಸಿಕೊಂಡರು.

ನಯದ ವಕೀಲನ ಮಾತಿನ ಮಡಿಕೆ ಆಗಲೇ ಬಿಚ್ಚಿತ್ತು. “ಹಾಗಾದರೆ ಎಲ್ಲ ಸಾಲನ್ನೂ ನೋಡೋಣ! ಇವಳು ಬೇರೇನು ಕಳೆದಿದ್ದಾಳೋ ಯಾರಿಗೆ ಗೊತ್ತು? ಒಂದೊಂದನ್ನೂ ಎತ್ತಿ ನೋಡೋಣ!”

“ಅಷ್ಟು ಶ್ರಮ ಬೇಡ,” ಎಂದಳು ಪುಸ್ತಕ ಕಾಯುವವಳು. ಹನ್ನೊಂದು ವರ್ಷ ಕಾದಿದ್ದ ಮಾತು ಇಷ್ಟು ಚಿಕ್ಕದಾಗಿ ಹೊರಬಂದದ್ದು ಅವಳಿಗೇ ಆಶ್ಚರ್ಯ. ಸಾಲುಗಳ ನಡುವೆ ಹೋದಳು. ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ಎಲ್ಲರೂ ಅವಳ ಹಿಂದೆ ಕಟ್ಟೆಗೆ ಬಂದರು. ಕಪ್ಪು ಕಲ್ಲಿನ ಮೇಲಿಟ್ಟಳು. ಅದು ‘ದಡ್’ ಎಂದಿತು. ಅಂಗೈ ಎತ್ತಿದಳು. ಬೂದಿಬಣ್ಣ.

ನ್ಯಾಯಾಧೀಶರು ರಟ್ಟು ಬಿಡಿಸಿದರು. ಬೆರಳಿನಿಂದ ನಾಲ್ಕೂ ಮೂಲೆ ಮುಟ್ಟಿದರು.

“ಇದು ಇಟ್ಟಿಗೆ.”

“ಹೌದು ಸ್ವಾಮಿ. ಪುಸ್ತಕವನ್ನು ಗೆದ್ದಲು ತಿಂದಿತು. ಹನ್ನೊಂದು ವರ್ಷವಾಯಿತು. ನಾನು ಹೇಳಲಿಲ್ಲ.”

ನಯದ ವಕೀಲ ಕುಣಿಯುವುದೊಂದು ಬಾಕಿ. “ಒಪ್ಪಿಕೊಂಡಳು! ಪುಸ್ತಕ ಕಳೆದವರಿಗೆ ಊರಲ್ಲಿ ಜಾಗವಿಲ್ಲ! ಹೊರಗೆ ಹಾಕಿ ಸ್ವಾಮಿ!”

“ಹಾಕಬೇಕು,” ಎಂದರು ನ್ಯಾಯಾಧೀಶರು. “ಹಾಕುವಾಗ ಆ ತೀರ್ಪಿನ ಪುಸ್ತಕ ಕಲ್ಲಿನ ಮೇಲಿರಬೇಕು.”

“ತರಿಸಿ!”

“ನಾನು ವಕೀಲನಾಗಿದ್ದಾಗ ಅದನ್ನು ಓದಿದ್ದೆ. ಹಳಬನನ್ನು ಹೊರಗೆ ಹಾಕಿಸಿದ್ದು ನಾನೇ.” ಅವರ ದನಿ ಸಣ್ಣದಾಯಿತು. “ನೆನಪಿದೆ. ಏಳನೇ ಸಾಲು. ಹದಿಮೂರನೆಯದು.”

ಪುಸ್ತಕ ಕಾಯುವವಳು ಇಟ್ಟಿಗೆಯನ್ನು ನೋಡಿದಳು. ಇಟ್ಟಿಗೆಯ ಪಕ್ಕದ ರಟ್ಟನ್ನು ನೋಡಿದಳು. ಆಮೇಲೆ ಕಟ್ಟೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳುತ್ತಿದ್ದಾಳೆ ಎಂದು ಕುಂಬಾರಗಿತ್ತಿ ಓಡಿ ಬಂದಳು. ಅವಳು ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಮೂಗು ಸೋರುವ ಹಾಗೆ ನಗುತ್ತಿದ್ದಳು.

“ಯಾಕವ್ವಾ, ಏನಾಯ್ತು?”

“ಅದೇ ಇದು,” ಎಂದಳು. “ಏಳನೇ ಸಾಲು ಹದಿಮೂರು. ಅದೇ ಇದು ಕಣಕ್ಕಾ.”

ನ್ಯಾಯಾಧೀಶರು ಇಟ್ಟಿಗೆಯ ಮೇಲೆ ಕೈಯಿಟ್ಟರು. ಅವರು ಬಹಳ ಹೊತ್ತು ಕಾದರು. ಕೈ ತೆಗೆದರು.

“ಇದು ಏನೂ ಹೇಳುತ್ತಿಲ್ಲ,” ಎಂದರು.

ನಯದ ವಕೀಲ ಪೆಟ್ಟಿಗೆಯ ಕಡೆ ಓಡಿದ. “ಪುಸ್ತಕ ಕಳೆದವರನ್ನು ಹೊರಗೆ ಹಾಕಲು ಬೇರೆ ತೀರ್ಪು ಇದೆಯೇ?”

“ತಾವು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಮೂರು ಇವೆ. ಹದಿನಾಲ್ಕನೇ ಸಾಲು, ಇಪ್ಪತ್ತೆರಡನೇ ಸಾಲು, ಮೂವತ್ತೊಂದನೇ ಸಾಲು.”

ಮನೆಯಲ್ಲಿದ್ದದ್ದು ಹನ್ನೆರಡು ಸಾಲು. ಇದು ಓದಲು ಬಾರದವರಿಗೂ ಗೊತ್ತಿತ್ತು. ಮೊದಲು ಒಬ್ಬಳು ಮುದುಕಿ ನಕ್ಕಳು, ಆಮೇಲೆ ಇಡೀ ಕಟ್ಟೆ ನಕ್ಕಿತು. ಪೆಟ್ಟಿಗೆ ವಿನಯದಿಂದ, “ಇನ್ನೇನಾದರೂ ಬೇಕೇ?” ಎಂದಿತು. ಅದಕ್ಕೆ ಇನ್ನಷ್ಟು ನಕ್ಕರು.

ನೆರಳಿನ ಬಗ್ಗೆ ಹಿಂದೆ ಯಾವ ತೀರ್ಪೂ ಇರಲಿಲ್ಲ. ಆದ್ದರಿಂದ ಅದನ್ನು ತೀರ್ಮಾನಿಸಲಾಗಲಿಲ್ಲ, ಆದ್ದರಿಂದ ನೆರಳು ಬೀಳುತ್ತಿದ್ದ ಕಡೆಯೇ ಬಿತ್ತು, ಮಡಕೆ ಆರುತ್ತಿದ್ದ ಕಡೆಯೇ ಆರಿತು. ಗಾಣದ ಯಜಮಾನ ಮರ ಕಡಿಸುತ್ತೇನೆಂದು ಎರಡು ದಿನ ಹಾರಾಡಿದ. ಕಡಿಸಿದರೆ ತನ್ನ ಎತ್ತಿಗೂ ನೆರಳಿಲ್ಲ ಎಂಬುದು ಹೆಂಡತಿ ಹೇಳಿದ ಮೇಲೆ ಹೊಳೆಯಿತು.

ಪೆಟ್ಟಿಗೆಯನ್ನು ಯಾರೂ ಒಡೆಯಲಿಲ್ಲ. ಅದು ಈಗಲೂ ಚಾವಡಿಯಲ್ಲಿದೆ. ವಕೀಲರು ಮೊದಲು ಅದನ್ನು ಕೇಳುತ್ತಾರೆ, ಆಮೇಲೆ ಬೈದುಕೊಂಡು ಎದ್ದು ಬಂದು ಸಾಲಿನಲ್ಲಿ ನೋಡುತ್ತಾರೆ. ನಾಲ್ಕು ದಿನದ ಹುಡುಕಾಟ ಅರ್ಧ ದಿನಕ್ಕೆ ಇಳಿದಿದೆ. ಅಷ್ಟು ಲಾಭವನ್ನು ಒಪ್ಪಿಕೊಂಡರೆ ಯಾರ ಗಂಟೂ ಹೋಗುವುದಿಲ್ಲ. ಕಟ್ಟೆಯ ಮುಂದೆ ಈಗ ಮುದುಕಿಯೊಬ್ಬಳು ಕೂತು ಅಂಗೈಗಳ ಬಣ್ಣ ನೋಡುತ್ತಾಳೆ.

ಆದರೆ ಆ ಮೂರನೆಯ ದಿನ, ಜನ ಊಟಕ್ಕೆ ಎದ್ದಾಗ, ಕುಂಬಾರಗಿತ್ತಿ ಇನ್ನೊಂದು ಮಾತು ಕೇಳಿದಳು.

“ಬುದ್ಧಿ, ಹಂಗಾದ್ರೆ ಆ ಹಳಬ ಯಾಕ್ ಹೊರಗವ್ನೆ?”

ನ್ಯಾಯಾಧೀಶರು ಇಟ್ಟಿಗೆಯನ್ನು ನೋಡಿದರು. “ಯಾಕೆಂದು ಯಾರಾದರೂ ತಂದು ತೋರಿಸಿದರೆ ಹೇಳುತ್ತೇನೆ,” ಎಂದು ಮೇಲುಹೊದಿಕೆ ಸರಿಪಡಿಸಿಕೊಂಡು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದರು.

ಪುಸ್ತಕ ಕಾಯುವವಳು ಇಟ್ಟಿಗೆ ಎತ್ತಿಕೊಂಡು ಪಡುವಣ ಬಾಗಿಲಿಗೆ ಹೋದಳು. ನಡುಮಧ್ಯಾಹ್ನ. ಹಳಬ ಒಲೆಯ ಮುಂದೆ ಕೂತಿದ್ದ. ಅವಳನ್ನು ಕಂಡು ಕಾಗದವೊಂದನ್ನು ಎತ್ತಿ ತಿರುವಿ ಓದತೊಡಗಿದ.

“ಕಡಲೆಕಾಯಿ ಬೇಡ ಗುರುಗಳೇ,” ಎಂದಳು. “ಒಳಗೆ ಬನ್ನಿ.”

ಇಪ್ಪತ್ತು ವರ್ಷದಲ್ಲಿ ಊರಿನ ದನಿಯೊಂದು ಅವನನ್ನು ಮಾತಾಡಿಸಿರಲಿಲ್ಲ. ಅವನು ಕಾಗದವನ್ನು ಪೂರ್ತಿ ಓದಿ ಮುಗಿಸಿದ. ಮಡಿಸಿ ಕೆಳಗಿಟ್ಟ. ಅವಳ ಕೈಯಲ್ಲಿದ್ದ ಇಟ್ಟಿಗೆಯನ್ನು, ಅದನ್ನು ಹಿಡಿದ ಅಂಗೈಗಳನ್ನು ನೋಡಿದ.

“ಹಲಗೆ ಒರೆಸಿಲ್ಲ ತಾನೇ?” ಎಂದ.

“ಇಲ್ಲ.”

“ಸದ್ಯ,” ಎಂದ ಹಳಬ. ಒಲೆಯ ಕೆಂಡಕ್ಕೆ ನೀರು ಹಾಕಿ ಎದ್ದ.